ಬೇಸಿಲ್ಡನ್ ಹುಡುಗರು ಕ್ಲಾಸು, ಪೀಣ್ಯದ ಹುಡುಗರು ಮಾಸು?

ಎಂಬತ್ತರ ದಶಕದ ಬ್ರಿಟಿಷ್ ಪಾಪ್ ಸಂಗೀತ ನನಗೆ ಇಷ್ಟ. ಹ್ಯೂಮನ್ ಲೀಗ್, ಡೆಪೆಶ್ ಮೋಡ್, ಡ್ಯುರಾನ್ ಡ್ಯುರಾನ್, ವಿಸಾಜ್ ಎಲ್ಲ ನನ್ನ ಫೋನಿನಲ್ಲಿವೆ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಕ್ಯಾಬಿನ ಕಿಟಕಿಗೆ ತಲೆ ಆನಿಸಿಕೊಂಡು ಕೇಳ್ತೀನಿ. ಇದನ್ನ ಮೊದಲೇ ಹೇಳಿಬಿಡೋದು ವಾಸಿ. ಇಲ್ಲಾಂದ್ರೆ 'ಹಳ್ಳಿಯಿಂದ ಬಂದವನು, ಇಂಗ್ಲಿಷ್ ಹಾಡು ಅರ್ಥ ಆಗಲ್ಲ, ಅದಕ್ಕೇ ಉರ್ಕೋತಾನೆ' ಅಂತ ಯಾರಾದರೂ ಅನ್ನೋದು ಗ್ಯಾರಂಟಿ.

ನನ್ನ ತಕರಾರು ಆ ಸಂಗೀತದ ಮೇಲಲ್ಲ. ನಾವು, ಅಂದ್ರೆ ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಐಡಿ ಕಾರ್ಡ್ ಮಂದಿ, ಅದನ್ನ ಏನಕ್ಕೆ ಬಳಸ್ತಾ ಇದೀವಿ ಅನ್ನೋದರ ಮೇಲೆ.

ಈಗೊಂದು ಹತ್ತು ವರ್ಷದಿಂದ ನಮ್ಮ ಟೆಕ್ ಪಾರ್ಕುಗಳ ಸುತ್ತಮುತ್ತ 'ರೆಟ್ರೊ ನೈಟ್' ಅನ್ನೋದು ಒಂದು ಸಂಪ್ರದಾಯವೇ ಆಗಿಬಿಟ್ಟಿದೆ. ಕಂಪನಿ ವಾರ್ಷಿಕೋತ್ಸವಕ್ಕೂ ಅದೇ ಥೀಮು, ಶನಿವಾರದ ಪಬ್ಬಿಗೂ ಅದೇ ಥೀಮು. ಎಂಬತ್ತರ ಗ್ಲಾಮರ್ ಅಂತ ಒಬ್ಬರು ಭುಜ ಉಬ್ಬಿದ ಕೋಟು ಹಾಕ್ಕೊಂಡು ಬರ್ತಾರೆ, ಇನ್ನೊಬ್ಬರು ಕಣ್ಣಿಗೆ ಕಾಡಿಗೆ ಬಳಿದುಕೊಂಡು ಬರ್ತಾರೆ. ಗಂಡಸರು ಲಿಪ್‌ಸ್ಟಿಕ್ ಹಾಕಿದ್ರೂ ಚಪ್ಪಾಳೆ. ಬಹಳ ಸಂತೋಷ. ಆದರೆ ಅದೇ ಮಂದಿ ಸೋಮವಾರ ಬೆಳಿಗ್ಗೆ ಟೀ ಕಪ್ ಹಿಡ್ಕೊಂಡು, ಕೂದಲಿಗೆ ಕೆಂಪು ಬಣ್ಣ ಹೊಡಿಸಿ, ಮಿಣಿಮಿಣಿ ಶರ್ಟು ಹಾಕಿ ರೀಲ್ಸ್ ಮಾಡೋ ಪೀಣ್ಯದ ಹುಡುಗನ ವಿಡಿಯೊ ತೋರಿಸಿ ಹೊಟ್ಟೆ ಹಿಡ್ಕೊಂಡು ನಗ್ತಾರೆ. ಶನಿವಾರ ಕಾಡಿಗೆ ಹಚ್ಚಿದವನು 'ಸ್ಟೈಲು', ಸೋಮವಾರದ ವಿಡಿಯೊದವನು 'ಲೋಕಲ್ಲು'.

ಇಂಥದ್ದೇ ಒಂದು ರಾತ್ರಿ ನಾನು ಡಿಜೆ ಹತ್ತಿರ ಹೋಗಿ 'ಪ್ರೇಮಲೋಕ'ದ ಯಾವುದಾದರೂ ಹಾಡು ಹಾಕಿ ಅಂದೆ. ಅದೂ 1987ರದ್ದೇ ತಾನೆ, ಥೀಮಿಗೆ ಸರಿಹೋಗುತ್ತೆ. ಅವನು ಪಾಪ ಮರ್ಯಾದೆಯಿಂದಲೇ ಹೇಳಿದ: "ಸರ್, ಈ ಕ್ರೌಡಿಗೆ ಅದು ಆಗಲ್ಲ. ಕೊನೇಲಿ ಬೇಕಾದ್ರೆ ತಮಾಷೆಗೆ ಹಾಕ್ತೀನಿ."

ಈ 'ತಮಾಷೆಗೆ' ಅನ್ನೋ ಪದದ ಬಗ್ಗೆ ನನಗೆ ಜಗಳ ಇದೆ. ಎಂಬತ್ತರ ದಶಕದ ಇಂಗ್ಲೆಂಡಿನ ಸಿಂಥಸೈಜರ್ ಹಾಡು ಗಂಭೀರವಾಗಿ ಕೇಳೋದು, ಅದೇ ದಶಕದ ಕನ್ನಡದ ಸಿಂಥಸೈಜರ್ ಹಾಡು ತಮಾಷೆಗೆ ಕೇಳೋದು. ಈ ವಿಂಗಡಣೆ ಎಲ್ಲಿಂದ ಬಂತು?

ಮೊದಲು ಆ ಬ್ರಿಟಿಷ್ ಹುಡುಗರು ಯಾರು ಅಂತ ನೋಡೋಣ. ನಮ್ಮಲ್ಲಿ ಬಹಳ ಜನಕ್ಕೆ ಅವರೆಲ್ಲ ಲಂಡನ್ನಿನ ಶ್ರೀಮಂತರ ಮಕ್ಕಳು ಅನ್ನೋ ಕಲ್ಪನೆ ಇದೆ. ರೇಷ್ಮೆ ಶರ್ಟು, ಜರಿ ಕೋಟು ನೋಡಿದ್ರೆ ಹಾಗನ್ನಿಸೋದು ಸಹಜ.

ಹ್ಯೂಮನ್ ಲೀಗ್ ಹುಟ್ಟಿದ್ದು ಶೆಫೀಲ್ಡ್‌ನಲ್ಲಿ. ಅದು ಉಕ್ಕಿನ ಕಾರ್ಖಾನೆಗಳ ಊರು. ನಮ್ಮ ಭದ್ರಾವತಿಯನ್ನು ಹಲವು ಪಟ್ಟು ದೊಡ್ಡದು ಮಾಡಿ ಊಹಿಸಿಕೊಳ್ಳಿ. 1977ರಲ್ಲಿ ಈ ತಂಡ ಕಟ್ಟಿದ ಮಾರ್ಟಿನ್ ವೇರ್ ಮತ್ತು ಇಯಾನ್ ಕ್ರೇಗ್ ಮಾರ್ಶ್ ಏನು ಕೆಲಸ ಮಾಡ್ತಿದ್ರು ಗೊತ್ತಾ? ಇಬ್ಬರೂ ಕಂಪ್ಯೂಟರ್ ಆಪರೇಟರುಗಳು. ಅಂದ್ರೆ ನಮ್ಮ ಜಾತಿಯವರೇ! ಅವರು ಹಾಡೋಕೆ ಕರಕೊಂಡು ಬಂದ ಫಿಲ್ ಓಕಿ ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳೋ ಪೋರ್ಟರ್ ಆಗಿದ್ದವನು. 1980ರಲ್ಲಿ ತಂಡ ಒಡೆದು ಆ ಇಬ್ಬರೂ ಹೊರಗೆ ಹೋದಾಗ ಓಕಿ ಮಾಡಿದ್ದೇನು? ಶೆಫೀಲ್ಡ್‌ನ ಒಂದು ಡ್ಯಾನ್ಸ್ ಕ್ಲಬ್ಬಿನಲ್ಲಿ ಕುಣೀತಿದ್ದ, ಇನ್ನೂ ಶಾಲೆ ಮುಗಿಸದ ಇಬ್ಬರು ಹುಡುಗಿಯರನ್ನು ತಂಡಕ್ಕೆ ಸೇರಿಸಿಕೊಂಡ. ಸಂಗೀತ ಕಲಿತವರಲ್ಲ, ಸ್ಟೇಜ್ ಹತ್ತಿದವರಲ್ಲ. ಮುಂದಿನ ವರ್ಷ, ಅಂದ್ರೆ 1981ರ ಕ್ರಿಸ್‌ಮಸ್ ಹೊತ್ತಿಗೆ ಅವರ ಹಾಡು ಇಡೀ ಬ್ರಿಟನ್ನಿಗೆ ನಂಬರ್ ಒನ್.

ಡೆಪೆಶ್ ಮೋಡ್‌ನವರದು ಬೇಸಿಲ್ಡನ್. ಲಂಡನ್ನಿನಿಂದ ಪೂರ್ವಕ್ಕೆ ಸುಮಾರು 40 ಕಿಲೋಮೀಟರ್. ಎರಡನೇ ಮಹಾಯುದ್ಧ ಮುಗಿದ ಮೇಲೆ, 1949ರಲ್ಲಿ ಸರ್ಕಾರ ನಕ್ಷೆ ಹಾಕಿ ಕಟ್ಟೋಕೆ ಶುರು ಮಾಡಿದ 'ಹೊಸ ಊರು' ಅದು. ಲಂಡನ್ನಿನ ಇಕ್ಕಟ್ಟಿನ ಬೀದಿಗಳ ಕೆಲಸಗಾರ ಕುಟುಂಬಗಳನ್ನ ಅಲ್ಲಿಗೆ ಕಳಿಸಿದ್ರು. ಒಂದು ಕಡೆ ಫೋರ್ಡ್ ಟ್ರ್ಯಾಕ್ಟರ್ ಫ್ಯಾಕ್ಟರಿ, ಇನ್ನೊಂದು ಕಡೆ ಒಂದೇ ಥರದ ಮನೆಗಳ ಸಾಲು. ಸಂಜೆ ಹೊತ್ತು ಹೋಗೋಕೆ ಜಾಗ ಇಲ್ಲ. ತಂಡದ ಮಾರ್ಟಿನ್ ಗೋರ್ ಬ್ಯಾಂಕ್ ಗುಮಾಸ್ತ, ಆಂಡಿ ಫ್ಲೆಚರ್ ವಿಮಾ ಕಂಪನಿಯಲ್ಲಿ. ಕೆಲಸ ಮುಗಿಸಿ ಸಿಂಥಸೈಜರನ್ನ ಕಂಕುಳಲ್ಲಿ ಇಟ್ಕೊಂಡು ರೈಲು ಹತ್ತಿ ಲಂಡನ್ನಿಗೆ ಹೋಗಿ ಬಾರಿಸಿ ಬರ್ತಿದ್ರು. ಡ್ರಮ್ ಸೆಟ್ ಇಲ್ಲ, ಅದನ್ನ ಹೊರೋಕೆ ವ್ಯಾನೂ ಬೇಡ. ಸಿಂಥಸೈಜರ್ ಬಡ ಹುಡುಗರಿಗೆ ಒಲಿಯೋಕೆ ಇದೂ ಒಂದು ಕಾರಣ.

ಡ್ಯುರಾನ್ ಡ್ಯುರಾನ್ ಬರ್ಮಿಂಗ್‌ಹ್ಯಾಮ್‌ನವರು. ಅದು ಕಾರು ತಯಾರಿಸೋ ಊರು. ರಮ್ ರನ್ನರ್ ಅನ್ನೋ ಕ್ಲಬ್ಬಿನಲ್ಲಿ ಪ್ರ್ಯಾಕ್ಟೀಸ್‌ಗೆ ಜಾಗ ಸಿಕ್ಕಿತು. ಅದಕ್ಕೆ ಬದಲು ಒಬ್ಬ ಡಿಜೆ ಕೆಲಸ ಮಾಡಿದ, ಒಬ್ಬ ಬಾಗಿಲು ಕಾದ, ಒಬ್ಬ ಗ್ಲಾಸು ಎತ್ತಿದ, ಒಬ್ಬ ಅಡುಗೆಮನೆಯಲ್ಲಿ ದುಡಿದ.

ಇದೆಲ್ಲ ನಡೆದ ಕಾಲ ಹೇಗಿತ್ತು? 1980ರ ಶುರುವಿನಲ್ಲಿ ಬ್ರಿಟನ್ನಿನ ಉಕ್ಕಿನ ಕಾರ್ಮಿಕರು ಮೂರು ತಿಂಗಳು ಮುಷ್ಕರ ಹೂಡಿದ್ರು. 1982ರ ಹೊತ್ತಿಗೆ ಅಲ್ಲಿ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷ ದಾಟಿತ್ತು. ಅಪ್ಪನ ಫ್ಯಾಕ್ಟರಿ ಮುಚ್ಚುತ್ತಿದೆ, ಮಗನಿಗೆ ಕೆಲಸ ಇಲ್ಲ. ಆ ಹುಡುಗ ಕನ್ನಡಿ ಮುಂದೆ ನಿಂತು ಕಡಲುಗಳ್ಳನ ಥರ, ರಾಜಕುಮಾರನ ಥರ ಅಲಂಕಾರ ಮಾಡ್ಕೊಂಡು ಹೊರಗೆ ಬಂದ. 'ನ್ಯೂ ರೊಮ್ಯಾಂಟಿಕ್' ಅಂತ ಪತ್ರಿಕೆಗಳು ಹೆಸರಿಟ್ಟವು. ಇಲ್ಲದವರು ಇದ್ದವರಂತೆ ಕಾಣೋಕೆ ಪಟ್ಟ ಹಟ ಅದು.

ಅದೇ ಚಳಿಗಾಲದಲ್ಲಿ ಬೆಂಗಳೂರು ಹೇಗಿತ್ತು ಅಂತ ನಿಮ್ಮ ಕಂಪನಿಯ ರೆಟ್ರೊ ನೈಟ್‌ನಲ್ಲಿ ಯಾರೂ ಹೇಳಲ್ಲ. 1980ರ ಡಿಸೆಂಬರ್ ಕೊನೆಯಿಂದ 1981ರ ಮಾರ್ಚ್‌ವರೆಗೆ ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐ, ಬಿಇಎಂಎಲ್ ಕಾರ್ಮಿಕರು ಎರಡೂವರೆ ತಿಂಗಳು ಮುಷ್ಕರ ಮಾಡಿದ್ರು. ಪೀಣ್ಯದಲ್ಲಿ ಸಣ್ಣ ಸಣ್ಣ ಶೆಡ್ಡುಗಳು ಏಳುತ್ತಿದ್ದ ಕಾಲ. ಕೋನಪ್ಪನ ಅಗ್ರಹಾರದ ಹತ್ತಿರ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರು 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಅಂತ ಒಂದು ಕನಸು ಕಟ್ಟಿ ಆಗಿನ್ನೂ ಎರಡು ಮೂರು ವರ್ಷ ಆಗಿತ್ತು. ಶೆಫೀಲ್ಡ್, ಬೇಸಿಲ್ಡನ್‌ಗೆ ನಮ್ಮಲ್ಲಿ ಜೋಡಿ ಹುಡುಕಬೇಕಾದ್ರೆ ಎಂ.ಜಿ. ರೋಡಿಗೆ ಹೋಗಬೇಡಿ. ಜಾಲಹಳ್ಳಿ ಕ್ರಾಸಿಗೆ ಹೋಗಿ, ಬೊಮ್ಮಸಂದ್ರಕ್ಕೆ ಹೋಗಿ.

ಈಗ ಬಾಗಿಲ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಈ ಗ್ಲಾಮರ್ ಕಥೆಯಲ್ಲಿ ಎಲ್ಲ ಇರೋದು ಬಾಗಿಲಲ್ಲೇ.

1979–80ರಲ್ಲಿ ಲಂಡನ್ನಿನ ಕವೆಂಟ್ ಗಾರ್ಡನ್‌ನಲ್ಲಿ ಬ್ಲಿಟ್ಜ್ ಅನ್ನೋ ಒಂದು ವೈನ್ ಬಾರು. ಮಂಗಳವಾರ ರಾತ್ರಿ ಮಾತ್ರ ಅಲ್ಲಿ ಈ ಹುಡುಗರ ಜಾತ್ರೆ. ಒಳಗೆ ರಸ್ಟಿ ಈಗನ್ ರೆಕಾರ್ಡು ಹಾಕೋನು. ಬಾಗಿಲಲ್ಲಿ ಸ್ಟೀವ್ ಸ್ಟ್ರೇಂಜ್. ವೇಲ್ಸ್‌ನ ಸಣ್ಣ ಊರಿಂದ ಬಂದವನು. ಕೋಟು ಇಟ್ಕೊಳ್ಳೋ ಕೌಂಟರಿನಲ್ಲಿ ಆಮೇಲೆ ಬಾಯ್ ಜಾರ್ಜ್ ಅಂತ ಜಗತ್ತಿಗೇ ಗೊತ್ತಾದ ಹುಡುಗ. ಸ್ಟೀವ್ ಸ್ಟ್ರೇಂಜ್ ಒಂದು ದಿನ ಮಿಕ್ ಜಾಗರ್‌ನನ್ನೇ ಬಾಗಿಲಿಂದ ವಾಪಸ್ ಕಳಿಸಿದ. ರೋಲಿಂಗ್ ಸ್ಟೋನ್ಸ್‌ನ ಮಿಕ್ ಜಾಗರ್! ದುಡ್ಡಿದೆ, ಹೆಸರಿದೆ, ಆದರೆ ಒಳಗೆ ಬಿಡಲಿಲ್ಲ. ಆ ಬಾಗಿಲು ಕೇಳ್ತಿದ್ದ ಪ್ರಶ್ನೆ ಒಂದೇ: ನೀನು ಇವತ್ತು ಹಾಕ್ಕೊಂಡಿರೋದಕ್ಕೆ ಎಷ್ಟು ತಲೆ ಓಡಿಸಿದ್ದೀಯ? ಹರಿದ ಪರದೆ ಬಟ್ಟೆಯನ್ನ ಕೋಟು ಮಾಡಿ ಹೊಲ್ಕೊಂಡು ಬಂದವನಿಗೆ ಸ್ವಾಗತ, ಅಂಗಡಿಯಿಂದ ದುಬಾರಿ ಸೂಟು ಕೊಂಡು ಬಂದವನಿಗೆ ಗೇಟ್‌ಪಾಸ್. ಅದೂ ಒಂಥರಾ ಕ್ರೂರವೇ, ಒಪ್ಪಿದೆ. ಆದರೆ ಆ ಕ್ರೌರ್ಯ ಜೇಬು ನೋಡಿ ಹುಟ್ಟಿದ್ದಲ್ಲ.

ನಮ್ಮ ಬಾಗಿಲುಗಳು ಏನು ಕೇಳ್ತವೆ? ವೈಟ್‌ಫೀಲ್ಡ್ ಕಡೆ ಪಬ್ಬುಗಳ ಮುಂದೆ ಬೋರ್ಡು ನೋಡಿ. ಸ್ಮಾರ್ಟ್ ಕ್ಯಾಶುವಲ್ಸ್, ಚಪ್ಪಲಿ ಇಲ್ಲ, ಒಂಟಿ ಗಂಡಸರಿಗೆ ಪ್ರವೇಶ ಇಲ್ಲ. ನಾಲ್ಕು ಜನ ಗಾಲ್ಫ್ ಟೀ-ಶರ್ಟಿನವರು ಒಂಟಿಯಾಗೇ ಒಳಗೆ ಹೋದರೆ ಅಡ್ಡಿ ಇಲ್ಲ. ಅದೇ ನಾಲ್ಕು ಜನ ಮಿಣಿಮಿಣಿ ಶರ್ಟಿನವರು ಬಂದ್ರೆ ಬೋರ್ಡು ತೋರಿಸ್ತಾರೆ. ಪಬ್ಬು ಹೋಗಲಿ. 2024ರ ಫೆಬ್ರವರಿಯಲ್ಲಿ ರಾಜಾಜಿನಗರ ಮೆಟ್ರೊ ನಿಲ್ದಾಣದಲ್ಲಿ ಟಿಕೆಟ್ ಕೈಲಿದ್ದ ರೈತರೊಬ್ಬರನ್ನ ಬಟ್ಟೆ ಕೊಳೆಯಾಗಿದೆ ಅಂತ ತಡೆದ್ರು. ಅದೇ ವರ್ಷ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ ಪಂಚೆ ಉಟ್ಟು ಸಿನಿಮಾ ನೋಡೋಕೆ ಬಂದ ರೈತರನ್ನ ಒಳಗೆ ಬಿಡಲಿಲ್ಲ. ದೊಡ್ಡ ಗಲಾಟೆಯಾಗಿ ಸರ್ಕಾರ ಆ ಮಾಲನ್ನ ಏಳು ದಿನ ಮುಚ್ಚಿಸಿತು. ಆ ದಿನ ಇಡೀ ಬೆಂಗಳೂರು ಪಂಚೆಯ ಪರ ನಿಂತಿತ್ತು, ನಮ್ಮ ಆಫೀಸಿನ ವಾಟ್ಸ್‌ಆ್ಯಪ್ ಗ್ರೂಪೂ ನಿಂತಿತ್ತು. ಪಂಚೆಗೆ ನಾವು ಮರುಗ್ತೀವಿ, ಯಾಕಂದ್ರೆ ಪಂಚೆ ಉಟ್ಟವರು ನಮ್ಮ ಅಜ್ಜನ ಥರ ಕಾಣ್ತಾರೆ. ಆ ಅಜ್ಜನ ಮೊಮ್ಮಗ ಕೂದಲಿಗೆ ಬಣ್ಣ ಹೊಡಿಸಿ, ಟೈಟ್ ಪ್ಯಾಂಟು ಹಾಕಿ ಅದೇ ಬಾಗಿಲಿಗೆ ಬಂದ್ರೆ? ಆಗ ನಾವು ಸೆಕ್ಯುರಿಟಿಯ ಕಡೆ. ಬಡವ ಬಡವನ ಥರ ಕಾಣೋವರೆಗೂ ನಮಗೆ ಕನಿಕರ ಇರುತ್ತೆ. ಅವನು ಹೀರೊ ಥರ ಕಾಣೋಕೆ ಹೊರಟ್ರೆ ತಡೆಯೋಕಾಗಲ್ಲ.

ಇನ್ನು ಆ ಬಟ್ಟೆಗಳನ್ನ ಹೊಲಿಯೋರು ಯಾರು ಅಂತಾನೂ ಕೇಳಬೇಕಲ್ಲ? ಪೀಣ್ಯದಿಂದ ಹಿಡಿದು ಹೊಸೂರು ರಸ್ತೆಯ ಬೊಮ್ಮನಹಳ್ಳಿವರೆಗೆ ಗಾರ್ಮೆಂಟ್ಸ್ ಫ್ಯಾಕ್ಟರಿಗಳು. ಯುರೋಪು, ಅಮೆರಿಕದ ಬ್ರ್ಯಾಂಡುಗಳ ಶರ್ಟು, ಜಾಕೆಟ್ಟು ಅಲ್ಲಿಂದಲೂ ಹೋಗ್ತವೆ. ಹೊಲಿಯೋರಲ್ಲಿ ಹೆಚ್ಚಿನವರು ಹೆಂಗಸರು. ತುಮಕೂರು, ಮಂಡ್ಯ, ರಾಮನಗರ ಕಡೆಯವರು, ಈಗ ಒಡಿಶಾ, ಜಾರ್ಖಂಡಿನವರೂ ಇದ್ದಾರೆ. ಒಬ್ಬಳು ದಿನವಿಡೀ ಬರೀ ಕಾಲರ್ ಕೂರಿಸ್ತಾಳೆ, ಇನ್ನೊಬ್ಬಳು ಬರೀ ತೋಳು ಜೋಡಿಸ್ತಾಳೆ. ಫ್ಯಾಷನ್ ಅಂತ ನಾವು ಯಾವುದನ್ನ ಕರೀತೀವೋ ಅದು ಇವರ ಬೆರಳ ತುದಿಯಲ್ಲಿ ಹಾದುಹೋಗಿರುತ್ತೆ. ಟೀಮ್ ಪಾರ್ಟಿಯ ಒಂದು ದೊಡ್ಡ ಟೇಬಲ್ಲಿನ ಬಿಲ್ಲು ಇವರ ತಿಂಗಳ ಸಂಬಳವನ್ನ ಸಲೀಸಾಗಿ ದಾಟುತ್ತೆ.

2016ರ ಏಪ್ರಿಲ್ ನೆನಪಿದೆಯಾ? ಪಿಎಫ್ ದುಡ್ಡನ್ನ 58 ವಯಸ್ಸಿನವರೆಗೆ ಪೂರ್ತಿ ತೆಗೆಯೋ ಹಾಗಿಲ್ಲ ಅನ್ನೋ ಹೊಸ ನಿಯಮ ಬಂದಾಗ ಇದೇ ಹೆಂಗಸರು ಸಾವಿರ ಸಾವಿರ ಸಂಖ್ಯೆಯಲ್ಲಿ ಫ್ಯಾಕ್ಟರಿಯಿಂದ ಹೊರಗೆ ಬಂದು ಹೊಸೂರು ರಸ್ತೆ, ತುಮಕೂರು ರಸ್ತೆ ಎರಡನ್ನೂ ಬಂದ್ ಮಾಡಿದ್ರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತಗೊಂಡಿತು. ಅದರ ಲಾಭ ಐಟಿಯ ನಮಗೂ ಸಿಕ್ಕಿತು, ನಮ್ಮ ಪಿಎಫ್ಫೂ ಅದೇ ಕಾನೂನಿನದ್ದು. ನಾವು ಆ ದಿನ ಟ್ರಾಫಿಕ್ ಜಾಮಿನ ಫೋಟೊ ಹಾಕಿ ಬೈದುಕೊಂಡು ಕೂತಿದ್ವಿ.

ಸರಿ, ಸಂಗೀತಕ್ಕೆ ವಾಪಸ್ ಬರೋಣ. 'ಅವರದು ಒರಿಜಿನಲ್, ನಮ್ಮದು ಕಾಪಿ' ಅನ್ನೋ ವಾದ ಒಂದಿದೆ. ಕೇಳಿ ಕೇಳಿ ಕಿವಿ ತೂತು ಬಿದ್ದಿದೆ.

ಹೌದು ಸ್ವಾಮಿ, ರವಿಚಂದ್ರನ್ ಅವರ 'ಪ್ರೇಮಲೋಕ'ಕ್ಕೆ ಹಾಲಿವುಡ್ಡಿನ 'ಗ್ರೀಸ್ 2' ಪ್ರೇರಣೆ. ಯಾರೂ ಮುಚ್ಚಿಟ್ಟಿಲ್ಲ. ಆದರೆ ನಿಮ್ಮ ಒರಿಜಿನಲ್‌ಗಳ ಜಾತಕ ಸ್ವಲ್ಪ ತೆಗೆದು ನೋಡಿ. ಬ್ರಿಟಿಷ್ ಸಿಂಥ್ ಪಾಪ್ ನಿಂತಿರೋದು ಜರ್ಮನಿಯ ಕ್ರಾಫ್ಟ್‌ವರ್ಕ್ ಹಾಕಿದ ಅಡಿಪಾಯದ ಮೇಲೆ, ಇಟಲಿಯ ಜಾರ್ಜಿಯೊ ಮೊರೊಡರ್ 1977ರಲ್ಲಿ ಡೋನಾ ಸಮ್ಮರ್‌ಗೆ ಮಾಡಿಕೊಟ್ಟ ಡಿಸ್ಕೊ ಹಾಡಿನ ಮೇಲೆ. ವೇಷಭೂಷಣ ಡೇವಿಡ್ ಬೋವಿಯಿಂದ ಬಂದದ್ದು. 1981ರಲ್ಲಿ ಸಾಫ್ಟ್ ಸೆಲ್ ತಂಡಕ್ಕೆ ನಂಬರ್ ಒನ್ ಪಟ್ಟ ತಂದುಕೊಟ್ಟ ಹಾಡು, ಅರವತ್ತರ ದಶಕದಲ್ಲಿ ಅಮೆರಿಕದ ಗ್ಲೋರಿಯಾ ಜೋನ್ಸ್ ಹಾಡಿ ಯಾರೂ ಕೊಳ್ಳದೇ ಬಿದ್ದಿದ್ದ ಹಾಡು. ಡ್ರಮ್ ಮಷೀನು ಅಮೆರಿಕದ್ದು, ಕೀಬೋರ್ಡು ಜಪಾನಿನದ್ದು. ಸಾಲ ತಗೊಂಡು ಮನೆ ಕಟ್ಟೋದು ಪಾಪ್ ಸಂಗೀತದ ಕಸುಬು. ಕಟ್ಟಿದ ಮನೆ ವಾಸಕ್ಕೆ ಯೋಗ್ಯವಾಗಿದೆಯಾ ಅಂತ ನೋಡಿ, ಇಟ್ಟಿಗೆ ಎಲ್ಲಿಂದ ಬಂತು ಅಂತಲ್ಲ.

ನಾವು ಕಟ್ಟಿದ ಮನೆ ಹೇಗಿತ್ತು? 1981ರಲ್ಲಿ ಶಂಕರ್‌ನಾಗ್ 'ಗೀತಾ' ಮಾಡಿದರು. ಇಳಯರಾಜ ಅವರ ಸಂಗೀತ. ಶೆಫೀಲ್ಡ್‌ನ ಹುಡುಗರು ನಂಬರ್ ಒನ್ ಆದ ಅದೇ ವರ್ಷ. ಆ ಚಿತ್ರದ ಡಿಸ್ಕೊ ಹಾಡು ಹಾಕಿದ್ರೆ ಇವತ್ತಿಗೂ ಮದುವೆ ಮನೆಯಲ್ಲಿ ಕಾಲು ನಿಲ್ಲಲ್ಲ. ಹಾಡಿನ ರೆಕಾರ್ಡಿಂಗ್‌ಗೆ ಮದ್ರಾಸಿಗೆ ಓಡಬೇಕಿದ್ದ ಕಾಲದಲ್ಲಿ ಬೆಂಗಳೂರಿನಲ್ಲೇ ಸಂಕೇತ್ ಸ್ಟುಡಿಯೊ ಕಟ್ಟಿದವರು ಅದೇ ಶಂಕರ್‌ನಾಗ್. ಆರು ವರ್ಷದ ನಂತರ 'ಪ್ರೇಮಲೋಕ'. ಹಂಸಲೇಖ ಅವರೇ ಬರೆದು, ಅವರೇ ರಾಗ ಹಾಕಿದ ಹಾಡುಗಳು. ಒಂದೊಂದರಲ್ಲೂ ಸಿಂಥಸೈಜರ್ ಮೆರೆದಾಟ. ಲೆದರ್ ಜಾಕೆಟ್ಟು, ಬೈಕು, ಬಣ್ಣಬಣ್ಣದ ಬೆಳಕು, ಮಿಸ್ ಇಂಡಿಯಾ ಆಗಿ ಬಂದಿದ್ದ ಜೂಹಿ ಚಾವ್ಲಾ. ಬರೀ ಸದ್ದು ಮಾತ್ರ ಹೊಸದಾಗಿದ್ದಿದ್ರೆ ನಾನಿಷ್ಟು ವಾದ ಮಾಡ್ತಿರಲಿಲ್ಲ. ಹಂಸಲೇಖ ಮಾಡಿದ ದೊಡ್ಡ ಕೆಲಸ ಅಂದ್ರೆ ಕಾಲೇಜು ಮೆಟ್ಟಿಲ ಮೇಲೆ ಹುಡುಗ ಹುಡುಗಿ ಆಡೋ ಕನ್ನಡವನ್ನ, ಬೈಯೋ ಕನ್ನಡವನ್ನ, ಕಾಲೆಳೆಯೋ ಕನ್ನಡವನ್ನ ಹಾಗೇ ಎತ್ತಿ ಆ ಮಷೀನಿನ ತಾಳದ ಮೇಲೆ ಕೂರಿಸಿದ್ದು. ಸಾಹಿತ್ಯ ಕೆಟ್ಟುಹೋಯ್ತು ಅಂತ ಹಿರಿಯರು ಬೈದರು. ನಮ್ಮೂರಲ್ಲಿ ಮಾತ್ರ ಟ್ರ್ಯಾಕ್ಟರಿನ ಟೇಪ್ ರೆಕಾರ್ಡರಿನಲ್ಲಿ ಕ್ಯಾಸೆಟ್ ಸವೆದುಹೋಗುವಷ್ಟು ಓಡಿತು. ತುರುವೇಕೆರೆ ಸೀಮೆಯ ಹುಡುಗನಿಗೆ 'ಮಾಡರ್ನ್ ಆಗಿ, ಕನ್ನಡದಲ್ಲೇ ಆಗಿ' ಅಂತ ಧೈರ್ಯ ಕೊಟ್ಟದ್ದು ಆ ಕ್ಯಾಸೆಟ್ಟು. ಇದನ್ನ ತಮಾಷೆಗೆ ಹಾಕ್ತಾರಂತೆ!

ಮಷೀನಿನ ಸದ್ದನ್ನ ಸಂಗೀತ ಅಂತ ಒಪ್ಪದ ಹಿರಿಯರು ಅಲ್ಲೂ ಇದ್ರು. 1982ರಲ್ಲಿ ಬ್ರಿಟನ್ನಿನ ಸಂಗೀತಗಾರರ ಸಂಘದ ಲಂಡನ್ ಶಾಖೆಯೊಂದು ಸಿಂಥಸೈಜರ್, ಡ್ರಮ್ ಮಷೀನುಗಳನ್ನ ನಿಷೇಧಿಸಬೇಕು ಅಂತ ಗೊತ್ತುವಳಿ ಮಾಡಿತ್ತು. ಪಿಟೀಲಿನವರ ಅನ್ನ ಹೋಗುತ್ತೆ ಅನ್ನೋ ಭಯ. ಭಯ ಸುಳ್ಳಲ್ಲ, ಅನ್ನದ ಪ್ರಶ್ನೆ ಯಾವತ್ತೂ ಸುಳ್ಳಲ್ಲ. ಆದರೆ 'ಇದು ಸಂಗೀತವೇ ಅಲ್ಲ' ಅಂದ ಮಾತು ನಿಲ್ಲಲಿಲ್ಲ.

ಇನ್ನೊಂದು ಮಾತು. ಆ ಬ್ರಿಟಿಷ್ ಪಾಪ್ ಅನ್ನೋದನ್ನ ಕಟ್ಟಿದವರಲ್ಲಿ ಬೆಂಗಳೂರಿನವರೇ ಒಬ್ಬರಿದ್ದಾರೆ. ಕೊಡವ ಮನೆತನದ ಬಿದ್ದು ಅಪ್ಪಯ್ಯ. ಬೆಂಗಳೂರಿನಲ್ಲಿ ಹುಟ್ಟಿ, ಇಲ್ಲೇ ಗಿಟಾರ್ ಹಿಡಿದು ಬ್ಯಾಂಡ್ ಕಟ್ಟಿ, 1967ರಲ್ಲಿ ಇಂಗ್ಲೆಂಡಿಗೆ ಹೋದವರು. 1974ರಲ್ಲಿ ಕಾರ್ಲ್ ಡಗ್ಲಸ್‌ಗೆ ಅವರು ಮಾಡಿಕೊಟ್ಟ 'ಕುಂಗ್ ಫು ಫೈಟಿಂಗ್' ಬ್ರಿಟನ್, ಅಮೆರಿಕ ಎರಡು ಕಡೆಯೂ ನಂಬರ್ ಒನ್. 1981ರಲ್ಲಿ ನಾಜಿಯಾ ಹಸನ್ ಜೊತೆ 'ಡಿಸ್ಕೊ ದೀವಾನೆ' ಮಾಡಿ ಈ ಇಡೀ ಉಪಖಂಡವನ್ನ ಕುಣಿಸಿದವರೂ ಅವರೇ. ನಮ್ಮ ರೆಟ್ರೊ ನೈಟ್‌ನ ಡಿಜೆಗಳಲ್ಲಿ ಎಷ್ಟು ಜನಕ್ಕೆ ಇವರ ಊರು ಯಾವುದು ಅಂತ ಗೊತ್ತಿದೆ, ಒಮ್ಮೆ ಕೇಳಿ ನೋಡಿ.

ನಮಗೆ ನಮ್ಮದು ಕಾಣಬೇಕಾದ್ರೆ ಹೊರಗಿನವರು ಬೆರಳು ತೋರಿಸಬೇಕು. ಚರಣ್‌ಜಿತ್ ಸಿಂಗ್ ಅಂತ ಮುಂಬೈನ ಸಿನಿಮಾ ವಾದ್ಯಗಾರ 1982ರಲ್ಲಿ ರೋಲ್ಯಾಂಡ್ ಕಂಪನಿಯ ಮಷೀನುಗಳ ಮೇಲೆ ಹತ್ತು ರಾಗ ನುಡಿಸಿ ಒಂದು ರೆಕಾರ್ಡ್ ಮಾಡಿದ್ರು. ಇಲ್ಲಿ ಕೇಳೋರಿಲ್ಲ. ನೆದರ್‌ಲ್ಯಾಂಡ್ಸ್‌ನ ಸಂಗ್ರಾಹಕನೊಬ್ಬ ಅದನ್ನ ಹುಡುಕಿ ತೆಗೆದು 2010ರಲ್ಲಿ ಮತ್ತೆ ಬಿಡುಗಡೆ ಮಾಡಿದ ಮೇಲೆ, ಅದು ಅಮೆರಿಕದ ಆ್ಯಸಿಡ್ ಹೌಸ್ ಸಂಗೀತಕ್ಕಿಂತ ಮೊದಲೇ ಹುಟ್ಟಿದ ಅದೇ ಬಗೆಯ ಸಂಗೀತ ಅಂತ ಜಗತ್ತು ಬೆರಗಾಯಿತು. ಆಮೇಲೆ ನಮ್ಮವರೂ ಬೆರಗಾದರು. ಕನ್ನಡದ ಎಂಬತ್ತರ ದಶಕಕ್ಕೂ ಯಾರೋ ಡಚ್ಚಿನವನು ಬಂದು ಸೀಲು ಒತ್ತಲಿ ಅಂತ ಕಾಯಬೇಕಾ?

ಹಳೇದನ್ನ ಬಿಡಿ, ಇವತ್ತಿನದನ್ನ ನೋಡಿ. ನಮ್ಮೂರ ಹುಡುಗ ಒಬ್ಬ ಐಟಿಐ ಮುಗಿಸಿ ಪೀಣ್ಯ ಎರಡನೇ ಹಂತದಲ್ಲಿ ಸಿಎನ್‌ಸಿ ಮಷೀನ್ ಆಪರೇಟರ್. ದಾಸರಹಳ್ಳಿಯಲ್ಲಿ ಅಕ್ಕ-ಭಾವನ ಜೊತೆ ವಾಸ. ಸೆಕೆಂಡ್ ಹ್ಯಾಂಡ್ ಕೀಬೋರ್ಡ್ ಒಂದನ್ನ ಕಂತಿನ ಮೇಲೆ ತಗೊಂಡಿದ್ದಾನೆ. ಶಿಫ್ಟ್ ಇಲ್ಲದ ದಿನ ಆರ್ಕೆಸ್ಟ್ರಾದಲ್ಲಿ ಬಾರಿಸ್ತಾನೆ: ಊರ ಹಬ್ಬದ ರಸಮಂಜರಿ, ಗಣೇಶನ ಪೆಂಡಾಲು, ನವೆಂಬರ್ ಇಡೀ ರಾಜ್ಯೋತ್ಸವ. ಪಕ್ಕದಲ್ಲಿ ಆಕ್ಟೋಪ್ಯಾಡ್ ಬಾರಿಸೋನು ಇನ್ನೊಂದು ಶೆಡ್ಡಿನ ವೆಲ್ಡರ್. ಆ ಆಕ್ಟೋಪ್ಯಾಡು ತಂದದ್ದು ಅದೇ ಜಪಾನಿನ ರೋಲ್ಯಾಂಡ್ ಕಂಪನಿ, ಎಂಬತ್ತರ ದಶಕದಲ್ಲೇ. ಹುಡುಗ ಸ್ಟೇಜಿಗೆ ಹಾಕೋ ನೀಲಿ ಮಿಂಚಿನ ಕೋಟನ್ನ ಹೊಲಿದವಳು ಗಾರ್ಮೆಂಟ್ಸ್‌ಗೆ ಹೋಗೋ ಅವನ ಅಕ್ಕ, ಬಟ್ಟೆ ಚಿಕ್ಕಪೇಟೆದು. "ಅಣ್ಣಾ, ಆ ಕೋಟು ಹಾಕ್ಕೊಂಡು ಸ್ಟೇಜ್ ಹತ್ತಿದ್ರೆ ನಮ್ ಸೂಪರ್‌ವೈಸರ್‌ಗೂ ಗುರ್ತು ಸಿಗಲ್ಲ" ಅಂತ ನಗ್ತಾನೆ. ಫ್ಯಾಕ್ಟರಿ ಹುಡುಗ, ಕಂತಿನ ಕೀಬೋರ್ಡು, ಮನೇಲಿ ಹೊಲಿದ ಹೊಳೆಯೋ ಕೋಟು. ಬೇಸಿಲ್ಡನ್‌ನಲ್ಲಿ, ಶೆಫೀಲ್ಡ್‌ನಲ್ಲಿ ಇದ್ದದ್ದು ಇದೇ ಅಲ್ವಾ? ಇವನು ಇಂಗ್ಲೆಂಡಿನಲ್ಲಿ ಹುಟ್ಟಿದ್ರೆ ನೀವು ಅವನ ಚಿತ್ರ ಇರೋ ಟೀ-ಶರ್ಟ್ ಹಾಕ್ಕೊಂಡು ಆಫೀಸಿಗೆ ಬರ್ತಿದ್ರಿ.

'ಆದರೆ ಗಣೇಶನ ಹಬ್ಬದಲ್ಲಿ ಇವರ ಡಿಜೆ ಕಾಟ ತಡೆಯೋಕಾಗಲ್ಲ' ಅಂತೀರಿ. ಒಪ್ಪಿದೆ. ರಾತ್ರಿ ಹತ್ತರ ಮೇಲೆ ಲೌಡ್‌ಸ್ಪೀಕರ್ ಹಾಕಬಾರದು ಅಂತ ಕಾನೂನೇ ಇದೆ, ಮಗು ಇರೋ ಮನೆಯವರು ಪೊಲೀಸರಿಗೆ ಫೋನ್ ಮಾಡೋದು ನ್ಯಾಯ. ಇಂದಿರಾನಗರದಲ್ಲಿ ಪಬ್ಬುಗಳ ಸದ್ದಿನ ಮೇಲೂ ಜನ ದೂರು ಕೊಡ್ತಾ ಬಂದಿದ್ದಾರೆ. ಅಲ್ಲಿ ಯಾರೂ 'ಈ ಪಬ್ಬಿಗೆ ಹೋಗೋರ ಸಂಸ್ಕೃತಿಯೇ ಇಷ್ಟು' ಅನ್ನಲ್ಲ. ಸದ್ದಿಗೆ ಅಳತೆ ಇದೆ, ಅಳೆದು ದಂಡ ಹಾಕಿ. ಅದನ್ನ ನೆಪ ಮಾಡ್ಕೊಂಡು ಬಾರಿಸೋನ ಕೂದಲು, ಬಟ್ಟೆ, ಭಾಷೆಗೆ ಉಗಿಯೋದು ಬೇರೆ ಲೆಕ್ಕ.

'ಇಷ್ಟಾನಿಷ್ಟ ಅವರವರ ಸ್ವಂತದ್ದು, ಅದರಲ್ಲಿ ನೀನ್ಯಾರು ಮೂಗು ತೂರಿಸೋಕೆ' ಅಂತಾನೂ ಕೇಳಬಹುದು. ನಿಮ್ಮ ಹೆಡ್‌ಫೋನಿನಲ್ಲಿ ಏನು ಕೇಳ್ತೀರೋ ಅದು ನಿಮ್ಮ ಸ್ವಂತದ್ದು. ಆದರೆ ಕಂಪನಿ ದುಡ್ಡಿನ ಪಾರ್ಟಿಗೆ ಯಾವ ಹಾಡು, ರಾಜ್ಯೋತ್ಸವದ ಬಜೆಟ್ ಎಷ್ಟು, ಗೇಟಿನಲ್ಲಿ ಯಾರಿಗೆ ಪ್ರವೇಶ ಅನ್ನೋದು ಸ್ವಂತದ್ದಲ್ಲ. ಅದನ್ನ ನಿರ್ಧರಿಸೋ ಕುರ್ಚಿಯಲ್ಲಿ ಈಗ ನಮ್ಮಂಥವರೇ ಕೂತಿದ್ದೀವಿ. ಇಂಟರ್‌ವ್ಯೂನಲ್ಲಿ 'ಕಲ್ಚರ್ ಫಿಟ್' ಅಂತ ಫಾರ್ಮಿನಲ್ಲಿ ತುಂಬೋದೂ ನಮ್ಮ ಕೈಯೇ. ಹಳ್ಳಿ ಇಂಗ್ಲಿಷಿನ, ಮಿಣಿಮಿಣಿ ಶರ್ಟಿನ ಹುಡುಗನನ್ನ 'ಫಿಟ್ ಇಲ್ಲ' ಅಂತ ಬರೆದು ಕಳಿಸೋದನ್ನ ನಾನು ಕಣ್ಣಾರೆ ನೋಡಿದ್ದೀನಿ. ಹಾಡಿನ ರುಚಿಯಲ್ಲಿ ಶುರುವಾದ ಅಸಡ್ಡೆ ಕೆಲಸದ ಆರ್ಡರಿನವರೆಗೂ ಹೋಗುತ್ತೆ. ನನಗೆ ಸಿಟ್ಟು ಬರೋದು ಅದಕ್ಕೆ.

ಇಂಗ್ಲೆಂಡಿನ ಕಥೆಯಲ್ಲೂ ಈ ಮರೆವು ಇದೆ. ಗ್ಲಾಸು ಎತ್ತಿಕೊಂಡಿದ್ದ ಡ್ಯುರಾನ್ ಡ್ಯುರಾನ್ ಹುಡುಗರು 1982ರಲ್ಲಿ ಶ್ರೀಲಂಕಾಕ್ಕೆ ಬಂದು ವಿಡಿಯೊ ಚಿತ್ರಿಸಿದ್ರು. ಸಿಗಿರಿಯಾದ ಬಂಡೆ, ಆನೆ, ಬುದ್ಧನ ಮೂರ್ತಿ ಎಲ್ಲ ಅವರ ಹಿಂದೆ ಪರದೆಯ ಥರ. ಅದೇ ವರ್ಷ ಆಂಟಿಗುವಾದಲ್ಲಿ ದುಬಾರಿ ಸೂಟು ತೊಟ್ಟು ವಿಹಾರದ ಹಡಗಿನ ಮೇಲೆ ಇನ್ನೊಂದು ವಿಡಿಯೊ. ನಮ್ಮ ರೆಟ್ರೊ ನೈಟ್ ನಕಲು ಮಾಡೋದು ಆ ಹಡಗನ್ನ. ಬರ್ಮಿಂಗ್‌ಹ್ಯಾಮ್‌ನ ಕ್ಲಬ್ಬಿನಲ್ಲಿ ನೆಲ ಒರೆಸಿ ರಾತ್ರಿ ಪ್ರ್ಯಾಕ್ಟೀಸ್ ಮಾಡಿದ್ದನ್ನ ಯಾರೂ ಥೀಮ್ ಮಾಡಲ್ಲ.

ಹಾಗಾದ್ರೆ ಏನು ಮಾಡಬೇಕು ಅಂತೀಯ? ದೊಡ್ಡ ಕ್ರಾಂತಿ ಬೇಡ. ಈ ನವೆಂಬರಿನಲ್ಲಿ ನಿಮ್ಮ ಕಂಪನಿಯ ಫ್ಯಾಕಲ್ಟಿ ಬ್ಲಾಕಿನಲ್ಲಿ 'ಎಥ್ನಿಕ್ ಡೇ' ಫೋಟೊ ಸೆಷನ್ ಬದಲು ಪೀಣ್ಯದ್ದೋ ಅತ್ತಿಬೆಲೆಯದ್ದೋ ಒಂದು ಆರ್ಕೆಸ್ಟ್ರಾ ಕರೆಸಿ. ಚೌಕಾಸಿ ಮಾಡದೆ, ಆ ಇಂಗ್ಲಿಷ್ ಬ್ಯಾಂಡಿಗೆ ಕೊಡೋವಷ್ಟೇ ಸಂಭಾವನೆ ಕೊಡಿ, ಅದೂ ಅಡ್ವಾನ್ಸ್ ಸಮೇತ. ಕ್ಯಾಬು ಕಳಿಸಿ. ಅವರು ಬರೋ ಗೇಟಿನಲ್ಲಿ ಸೆಕ್ಯುರಿಟಿಯವರಿಗೆ ಮೊದಲೇ ಹೇಳಿಡಿ, ಇಲ್ಲಾಂದ್ರೆ ಅರ್ಧ ಗಂಟೆ ಬಿಸಿಲಲ್ಲಿ ನಿಲ್ಲಿಸ್ತಾರೆ. ಪಬ್ಬಿನ ಬಾಗಿಲಲ್ಲಿ ಯಾರನ್ನಾದ್ರೂ ಬಟ್ಟೆ ನೋಡಿ ತಡೆದ್ರೆ, ಒಳಗೆ ಕೂತಿರೋ ನೀವು ಎದ್ದು ಬಂದು ಮ್ಯಾನೇಜರನ್ನ ಯಾಕೆ ಅಂತ ಕೇಳಿ. ಬಿಲ್ಲು ಕಟ್ಟೋ ಗಿರಾಕಿ ಕೇಳಿದ್ರೆ ಅವನು ಉತ್ತರ ಕೊಡಲೇಬೇಕು. ಮತ್ತೆ ಸೋಮವಾರದ ಟೀ ಬ್ರೇಕಿನಲ್ಲಿ ಯಾರಾದ್ರೂ ಆ ವಿಡಿಯೊ ತೋರಿಸಿ ನಗೋಕೆ ಶುರು ಮಾಡಿದ್ರೆ, ನಗಬೇಡಿ. ಏನಿದೆ ಇದರಲ್ಲಿ ನಗೋಕೆ ಅಂತ ಒಂದು ಮಾತು ಕೇಳಿ, ಅಷ್ಟು ಸಾಕು.

ನನ್ನ ಫೋನಿನಲ್ಲಿ ಹ್ಯೂಮನ್ ಲೀಗ್ ಇರುತ್ತೆ, ಹಂಸಲೇಖ ಅವರೂ ಇರ್ತಾರೆ. ಇಬ್ಬರನ್ನೂ ನಾನು ಒಂದೇ ಲಿಸ್ಟಿನಲ್ಲಿ ಇಟ್ಟಿದ್ದೀನಿ. ಕಾರಣ ಕೇಳಿದವರಿಗೆ ಇಲ್ಲಿ ಬರೆದಿದ್ದನ್ನೇ ಹೇಳ್ತೀನಿ.